ಕಂಪಾದ್ರೆ ಕೊಟ್ಟ ಹಂದಿ

ಟೆಲ್ಮೊ ಸತ್ತಾಗ ನಮ್ಮೂರಿನ ಮಂದಿ ಆಡಿದ್ದು ಒಂದೇ ಮಾತು: ಕುಡಿದು ಲಿವರ್ ಕೆಡಿಸಿಕೊಂಡ. ಅವನ ಕಣ್ಣು ಹಳದಿಯಾಗಿದ್ದನ್ನು ಎಲ್ಲರೂ ನೋಡಿದ್ದರು. ಅದಕ್ಕಿಂತ ಹೆಚ್ಚು ವಿಚಾರಿಸುವ ಗೋಜಿಗೆ ಯಾರೂ ಹೋಗಲಿಲ್ಲ. ಹಬ್ಬಕ್ಕೊಮ್ಮೆ ಕಬ್ಬಿನ ಸಾರಾಯಿ ಮುಟ್ಟುತ್ತಿದ್ದವನು ಇಷ್ಟು ಬೇಗ ಹೀಗೆ ಹೇಗೆ ಹೋದ ಎಂದು ಕೇಳುತ್ತಿದ್ದವಳು ಅವನ ಹೆಂಡತಿ ಹೆರ್ಮೆಲಿಂಡಾ ಒಬ್ಬಳೇ. ಹೆಂಡತಿ ಅಲ್ಲವೇ, ಹಾಗೆ ಹೇಳದೆ ಇನ್ನೇನು ಹೇಳುತ್ತಾಳೆ ಎಂದು ಜನ ತಲೆಯಾಡಿಸಿದರು.

ಹೆರ್ಮೆಲಿಂಡಾ ನನ್ನ ಪಕ್ಕದ ಮನೆಯವಳು. ಹಸು ಕರೆದು, ಗಿಣ್ಣಿನ ಹಾಗೆ ಮೆತ್ತಗಿನ ಚೀಸ್ ಮಾಡಿ, ಬಾಳೆಲೆಯಲ್ಲಿ ಸುತ್ತಿ ಮಾರುತ್ತಿದ್ದಳು. ನಮ್ಮ ಮನಾಬಿ ಸೀಮೆಯಲ್ಲಿ ಚೀಸ್ ಇಲ್ಲದೆ ಬಾಳೆಕಾಯಿ ಗಂಟಲಿಗಿಳಿಯುವುದಿಲ್ಲ. ಊರಿನ ಅರ್ಧ ಮನೆಗಳಿಗೆ ಅವಳದೇ ಚೀಸ್.

ಶವದ ಮುಂದೆ ರಾತ್ರಿ ಕೂತಿದ್ದವರಲ್ಲಿ ಎಲ್ಲರಿಗಿಂತ ಹೆಚ್ಚು ಅತ್ತವನು ಉಲ್ಪಿಯಾನೊ. ಊರಲ್ಲಿ ದೊಡ್ಡ ಹಂದಿ ಹಟ್ಟಿ ಇದ್ದದ್ದು ಅವನಿಗೇ. ಹೆರ್ಮೆಲಿಂಡಾಳ ಮಗಳು ಲೆಯ್ಸಿಯನ್ನು ಜ್ಞಾನಸ್ನಾನದ ದಿನ ಎತ್ತಿಕೊಂಡು ನಿಂತ ಧರ್ಮಪಿತನೂ ಅವನೇ. ಹಾಗೆ ನಿಂತವನು ಹೆತ್ತವರಿಗೆ ಕಂಪಾದ್ರೆ ಆಗುತ್ತಾನೆ, ಒಡಹುಟ್ಟಿದವನಿಗಿಂತ ಹತ್ತಿರದವನು; ಅವನಿಗೆ ಮಗುವಿನ ತಂದೆಯೂ ಕಂಪಾದ್ರೆ, ತಾಯಿ ಕೊಮಾದ್ರೆ. ಹಿಂದಿನ ಬೇಸಿಗೆಯಲ್ಲಿ ಲೆಯ್ಸಿ ಚರ್ಚಿನಲ್ಲಿ ಮೊದಲ ಪರಮಪ್ರಸಾದ ತೆಗೆದುಕೊಂಡಾಗ, ತನ್ನ ಹಟ್ಟಿಯಿಂದ ಕಪ್ಪು ಹೆಣ್ಣು ಹಂದಿಯೊಂದನ್ನು ಉಡುಗೊರೆಯೆಂದು ತಂದು ಅವರ ಅಂಗಳದಲ್ಲಿ ಕಟ್ಟಿದ್ದ. ಮಳೆಗಾಲ ಹಿಡಿದ ಮೇಲೆ ಟೆಲ್ಮೊ ದಿನಾ ಬರಿಗಾಲಲ್ಲಿ ಅದರ ದೊಡ್ಡಿ ತೊಳೆಯುತ್ತಿದ್ದ. ಕಾಲಲ್ಲಿ ಮಚ್ಚು ತಾಗಿದ ಗಾಯ ಇತ್ತು.

ಶವಪೆಟ್ಟಿಗೆಗೆ ಹೆಗಲು ಕೊಟ್ಟ ಉಲ್ಪಿಯಾನೊ, ಸ್ಮಶಾನದ ದಾರಿಯಲ್ಲಿ ಕೇಳಿದವರಿಗೆಲ್ಲ ಹೇಳಿದನಂತೆ: ನನ್ನ ಕಂಪಾದ್ರೆಗೆ ಎಷ್ಟು ಸಲ ಬುದ್ಧಿ ಹೇಳಿದೆ, ಬಾಟಲಿ ಬಿಡಲಿಲ್ಲ. ಊರಿಗೆ ಅಷ್ಟು ಸಾಕಾಯಿತು.

ಕೆಲವು ತಿಂಗಳಾದ ಮೇಲೆ ವಿಶ್ವವಿದ್ಯಾಲಯದವರ ಜೀಪು ಬಂತು. ಅವರು ನಮಗೆ ಹೊಸಬರಲ್ಲ. ಜನರ ರಕ್ತ, ಹಸು ಹಂದಿಗಳ ಮೂತ್ರ, ತೊರೆಯ ನೀರು ಎಲ್ಲವನ್ನೂ ತೆಗೆದುಕೊಂಡು ಹೋಗಿ ಇಲಿಜ್ವರದ ರೋಗಾಣು ಹುಡುಕುವುದು ಅವರ ಕೆಲಸ. ಇಲಿಜ್ವರ ಎಂದು ಹೆಸರಾದರೂ ಅದು ಇಲಿಯಿಂದಷ್ಟೇ ಬರುವುದಿಲ್ಲ, ದನ, ಹಂದಿ, ನಾಯಿಯ ಮೂತ್ರದಿಂದಲೂ ಬರುತ್ತದೆ ಎಂದು ಅವರೇ ಹೇಳಿದ್ದು. ಈ ಸಲ ಅವರು ಹೆರ್ಮೆಲಿಂಡಾಳ ಹಂದಿಯನ್ನೂ, ದೊಡ್ಡಿಯ ಕೆಳಗಿನ ತೊರೆಯನ್ನೂ ಪರೀಕ್ಷೆಗೆ ತೆಗೆದುಕೊಂಡರು. ಟೆಲ್ಮೊ ಸಾಯುವ ಮುಂಚೆ ಆಸ್ಪತ್ರೆಯಲ್ಲಿ ತೆಗೆದು ಇಟ್ಟಿದ್ದ ಅವನ ರಕ್ತವನ್ನು ಪರೀಕ್ಷಿಸುವುದಕ್ಕೂ ಅವಳ ಒಪ್ಪಿಗೆ ಕೇಳಿದರು.

ಫಲಿತಾಂಶ ಹೇಳಲು ಬಂದವಳು ದನದ ಡಾಕ್ಟರು ಮಾಯೆರ್ಲಿ. ಮೂರರಲ್ಲೂ ಒಂದೇ ತಳಿಯ ರೋಗಾಣು ಸಿಕ್ಕಿತ್ತು. ಟೆಲ್ಮೊ ಸತ್ತದ್ದು ಇಲಿಜ್ವರದಿಂದ, ಕುಡಿತಕ್ಕೂ ಅದಕ್ಕೂ ಸಂಬಂಧವಿಲ್ಲ ಎಂದಳು. ಹೆರ್ಮೆಲಿಂಡಾ ಅಡುಗೆಮನೆಯ ಕಂಬ ಹಿಡಿದು ಸುಮಾರು ಹೊತ್ತು ಅತ್ತಳು. ಆಮೇಲೆ, ಈ ಹಂದಿ ನಮ್ಮ ಕಂಪಾದ್ರೆ ಕೊಟ್ಟದ್ದು, ಪಾಪ, ಅವರ ಹಟ್ಟಿಗೂ ತಗುಲಿದೆಯೋ ಏನೋ, ಇವತ್ತೇ ಹೋಗಿ ಹೇಳಬೇಕು ಎಂದು ಎದ್ದಳು.

ಡಾಕ್ಟರು ತಲೆ ತಗ್ಗಿಸಿಕೊಂಡಳು.

"ಅವ್ರಿಗೆ ಮೊದ್ಲೇ ಗೊತ್ತಿತ್ತಾ?" ಹೆರ್ಮೆಲಿಂಡಾ ಕೇಳಿದಳು.

"ಅಮ್ಮಾ, ಒಬ್ರ ಹಟ್ಟಿ ವಿಷ್ಯ ಇನ್ನೊಬ್ರಿಗೆ ಹೇಳಲ್ಲ ಅಂತ ನಾವು ಮಾತು ಕೊಟ್ಟಿರ್ತೀವಿ. ಹೇಳಿದ್ರೆ ನಾಳೆ ಯಾರೂ ನಮ್ಗೆ ಬಾಗ್ಲು ತೆಗಿಯಲ್ಲ."

"ಅವ್ರ ಗುಟ್ಟು ಚೆನ್ನಾಗೇ ಕಾಪಾಡಿದ್ರಿ ಬಿಡಿ. ನನ್ನ ಗಂಡನ್ನ ಕಾಪಾಡೋಕೆ ಯಾರೂ ಮಾತು ಕೊಟ್ಟಿರ್ಲಿಲ್ಲ."

ಮಾಯೆರ್ಲಿಯ ಕಣ್ಣು ತುಂಬಿತು. ಆದರೂ ಅವಳು ಹೆಸರು ಹೇಳಲಿಲ್ಲ.

ಅದೇ ಸಂಜೆ ಹೆರ್ಮೆಲಿಂಡಾ ಉಲ್ಪಿಯಾನೊನ ಮನೆಗೆ ನಡೆದಳು. ಜೊತೆಗೆ ಬಾ ಎಂದು ನನ್ನನ್ನೂ ಕರೆದಳು. ಅವನು ಜಗಲಿಯಲ್ಲಿ ಕಡಲೆಕಾಯಿ ಸುಲಿಯುತ್ತಿದ್ದ. ಮೊದಮೊದಲು ಏನೂ ಗೊತ್ತಿಲ್ಲ ಎಂದ. ಹಟ್ಟಿಯಲ್ಲಿ ಹಂದಿಗಳು ಸತ್ತ ಮರಿ ಹಾಕುತ್ತಿದ್ದುದನ್ನು ಅವಳು ನೆನಪಿಸಿದ ಮೇಲೆ ಮೆತ್ತಗಾದ. ವಿಶ್ವವಿದ್ಯಾಲಯದವರು ಪರೀಕ್ಷೆ ಮಾಡಿ ರೋಗ ಇದೆ ಎಂದದ್ದು ನಿಜ, ಸೂಜಿಮದ್ದು ಮುಗಿಯುವ ತನಕ ಯಾವ ಹಂದಿಯನ್ನೂ ಹೊರಗೆ ಕಳಿಸಬೇಡಿ ಎಂದಿದ್ದೂ ನಿಜ ಎಂದ.

"ಒಂದು ಸೂಜಿ ಹಾಕ್ಸಿದ್ದೆ, ಕೊಮಾದ್ರೆ. ವಾಸಿ ಆಗಿರುತ್ತೆ ಅನ್ಕೊಂಡೆ. ಮಗೂಗೆ ಬರಿಗೈಲಿ ಬರೋಕಾಗುತ್ತಾ?"

"ಹಂದಿ ಕೊಟ್ಟದ್ದಿರ್ಲಿ. ಅವ್ರು ಹಳದಿಯಾಗಿ ಮಲಗಿದ್ದಾಗ ನೀವು ಬಂದು ನೋಡಿದ್ರಿ. ಆಗ ಆಸ್ಪತ್ರೇಲಿ ಒಂದ್ಮಾತು ಹೇಳಿದ್ರೆ ಡಾಕ್ಟ್ರು ಬೇರೆ ಔಷಧಿ ಕೊಡ್ತಿದ್ರು. ಹೇಳ್ಲಿಲ್ಲ. ಸತ್ತ ಮೇಲೆ ಕುಡುಕ ಅಂದ್ರಿ."

ಅವನು ಕಡಲೆಸಿಪ್ಪೆ ಗುಡಿಸುತ್ತ ಕೂತ. ಹೆರ್ಮೆಲಿಂಡಾ ಕೇಳಿದ್ದು ಒಂದನ್ನೇ: ವಿಶ್ವವಿದ್ಯಾಲಯದವರು ಊರಸಭೆ ಕರೆದಿದ್ದಾರೆ, ಅಲ್ಲಿ ಎದ್ದು ನಿಂತು ಟೆಲ್ಮೊ ಕುಡಿದು ಸಾಯಲಿಲ್ಲ ಎಂದು ಹೇಳಿಬಿಡಿ. ಅವನು ತನ್ನ ಮಗಳ ಮೇಲೆ ಆಣೆ ಇಟ್ಟು ಒಪ್ಪಿಕೊಂಡ.

ಸಭೆ ಶಾಲೆಯಲ್ಲಿ ನಡೆಯಿತು. ಮಾಯೆರ್ಲಿ ಯಾರ ಹೆಸರನ್ನೂ ಎತ್ತದೆ, ದೊಡ್ಡಿ ತೊಳೆಯುವಾಗ ಬೂಟು ಹಾಕಿ, ತೊರೆಯಲ್ಲಿ ಮಕ್ಕಳನ್ನು ಇಳಿಸಬೇಡಿ ಎಂದು ವಿವರಿಸಿದಳು. ಉಲ್ಪಿಯಾನೊ ಎದ್ದು ನಿಂತ. ಹೆರ್ಮೆಲಿಂಡಾ ನನ್ನ ಕೈ ಹಿಡಿದುಕೊಂಡಳು. ಅವನು ಶುರು ಮಾಡಿದ್ದೇ ಬೇರೆ: ಇವರು ಬಂದಿರುವುದು ನಮ್ಮ ಹಂದಿಗಳನ್ನೆಲ್ಲ ಕೊಲ್ಲಿಸುವುದಕ್ಕೆ, ನಮ್ಮ ಮಾಂಸ ಪೇಟೆಯಲ್ಲಿ ಮಾರಾಟವಾಗದ ಹಾಗೆ ಮಾಡುವುದಕ್ಕೆ. ಗಂಡನನ್ನು ಕಳೆದುಕೊಂಡು ಕಂಗೆಟ್ಟ ಹೆಂಗಸಿನ ತಲೆ ಕೆಡಿಸಿದ್ದಾರೆ. ಜನ ಹೌದು ಹೌದು ಎಂದರು. ಮಾಯೆರ್ಲಿಯ ಕಡೆಯವರು ಸಾಮಾನು ಕಟ್ಟಿಕೊಂಡು ಜೀಪು ಹತ್ತಬೇಕಾಯಿತು.

ಊರವರು ಹೊರಡುವ ಮೊದಲು ಹೆರ್ಮೆಲಿಂಡಾ ಶಾಲೆಯ ಬಾಗಿಲಿಗೆ ಅಡ್ಡ ನಿಂತಳು. ಧ್ವನಿ ಏರಿಸಲಿಲ್ಲ. "ನನ್ನ ಹಂದೀಲಿ ಇಲಿಜ್ವರ ಇದೆ. ನನ್ನ ದೊಡ್ಡಿ ಕೆಳಗಿನ ನೀರಿಗೆ ಯಾರೂ ಮಕ್ಕಳನ್ನ ಬಿಡ್ಬೇಡಿ. ಆ ಹಂದೀನ ನನಗೆ ಕೊಟ್ಟದ್ದು ಡಾನ್ ಉಲ್ಪಿಯಾನೊ, ರೋಗ ಇರೋದು ಗೊತ್ತಿದ್ದೂ ಕೊಟ್ರು."

ಕಂಪಾದ್ರೆ ಎನ್ನದೆ, ಹೊರಗಿನ ಯಜಮಾನರನ್ನು ಮರ್ಯಾದೆಗೆ ಕರೆಯುವ ಹಾಗೆ ಡಾನ್ ಎಂದದ್ದನ್ನು ಸಭೆಯೆಲ್ಲ ಕೇಳಿಸಿಕೊಂಡಿತು. ನಮ್ಮಲ್ಲಿ ಆ ಸಂಬಂಧ ಸಾಯುವವರೆಗೂ ಹರಿಯುವುದಿಲ್ಲ. ಅವಳು ಎಲ್ಲರೆದುರೇ ಹರಿದು ಹಾಕಿದಳು.

ಅದರಿಂದ ನಷ್ಟವಾದದ್ದು ಅವಳಿಗೇ. ರೋಗದ ಮನೆ ಎಂದು ಊರವರು ಅವಳ ಚೀಸ್ ನಿಲ್ಲಿಸಿದರು. ಉಲ್ಪಿಯಾನೊನ ಹಂದಿಗಳು ಮಾತ್ರ ಕ್ರಿಸ್ಮಸ್ಸಿಗೆ ಎಂದಿನಂತೆ ಬಿಕರಿಯಾದವು. ಮಾಯೆರ್ಲಿ ಒಮ್ಮೆ ಒಬ್ಬಳೇ ಬಂದು ಹಂದಿಗೆ ಪೂರ್ತಿ ಸೂಜಿಮದ್ದು ಹಾಕಿ ಹೋದಳು. ಹೆರ್ಮೆಲಿಂಡಾ ಅವಳಿಗೆ ಕಾಫಿ ಕೊಟ್ಟು, ತಾನು ಹಸು ಕರೆಯಲು ಹೋದಳು.

ಈಗ ಅವಳು ಬೆಳಗಿನ ಬಸ್ಸಿಗೆ ಚೋನೆ ಪೇಟೆಗೆ ಹೋಗಿ ಚೀಸ್ ಮಾರುತ್ತಾಳೆ. ಅಲ್ಲಿ ಅವಳ ಗುರುತು ಯಾರಿಗೂ ಇಲ್ಲ. ಲೆಯ್ಸಿಯನ್ನೂ ಅಲ್ಲಿನ ಶಾಲೆಗೆ ಸೇರಿಸಿದ್ದಾಳೆ. ಬಸ್ಸು ಉಲ್ಪಿಯಾನೊನ ಗೇಟಿನ ಮುಂದೆಯೇ ನಿಲ್ಲುತ್ತದೆ, ಒಮ್ಮೊಮ್ಮೆ ಅವನೂ ಹತ್ತುತ್ತಾನೆ. ತಾಯಿ ಮಗಳು ಕಿಟಕಿಯ ಕಡೆ ಮುಖ ಮಾಡಿ ಕೂರುತ್ತಾರೆ.