ಮಾತು ಕೇಳದ ತೊಡೆ

ಸದಲಗಾದ ಸಂಭಾಜಿ ಇಪ್ಪತ್ತು ವರ್ಷ ಕಬ್ಬಿನ ಹೊರೆ ಹೊತ್ತು, ಏಣಿ ಹತ್ತಿ ಟ್ರಾಲಿ ತುಂಬಿದವನು. 2012ರ ಹಂಗಾಮಿನಲ್ಲಿ ಜಾರಿ ಬಿದ್ದು ಮೊಣಕಾಲು ಊದಿತು. ಹದಿನೈದು ದಿನಕ್ಕೆ ನೋವು ಹೋಯಿತು, ಬಾವು ಉಳಿಯಿತು.

ಚಿಕ್ಕೋಡಿಯ ಡಾಕ್ಟರು, "ತೊಡಿ ಬಿಗಿ ಮಾಡ್ರಿ" ಎಂದರು. ಸಂಭಾಜಿ ಹಲ್ಲು ಕಚ್ಚಿದರೂ ತೊಡೆ ಬೇರೆ ಯಾರದೋ ಎಂಬಂತೆ ಮೆತ್ತಗೇ ಇತ್ತು.

"ಕೀಲಿನ್ಯಾಗ ನೀರು ತುಂಬೈತಿ. ಅದು ಇಳಿಯೂತನಕ ನರ ತೊಡಿಗೆ ಪೂರ್ತಿ ಬಲ ಕೊಡೂದಿಲ್ಲ. ಹೊರಿ ಹೊರಬ್ಯಾಡ್ರಿ."

"ನೋವ ಇಲ್ಲಲ್ರಿ" ಎಂದು ಸಂಭಾಜಿ ನಕ್ಕ.

ಮರುದಿನ ಹೆಂಡತಿ ಉಜ್ವಲಾ, "ಗ್ವಾಡಿ ಹಿಡದ ಏಳತೀರಿ, ಹೋಗಬ್ಯಾಡ್ರಿ" ಎಂದಳು. ಅವನು ಹೊರಟ, ಅವನಂತೆಯೇ ಹೊರೆ ಹೊರುವ ಅವಳೂ ಜೊತೆಗೆ ಹೋದಳು.

ಏಣಿಯ ಐದನೇ ಮೆಟ್ಟಿಲಲ್ಲಿ ಆ ಕಾಲಿನ ಮೇಲೆ ಭಾರ ಹಾಕಿದ. ನೋವೇನೂ ಆಗಲಿಲ್ಲ; ಮೊಣಕಾಲು ಸುಮ್ಮನೆ ಮಡಚಿಕೊಂಡಿತು. ಹಿಂದೆಯೇ ಹತ್ತುತ್ತಿದ್ದ ಉಜ್ವಲಾಳ ಮೇಲೆ ಹೊರೆಸಮೇತ ಬಿದ್ದ. ಅವಳ ಬೆನ್ನುಮೂಳೆ ಮುರಿಯಿತು. ಅವಳು ಮತ್ತೆ ನಡೆಯಲಿಲ್ಲ.