ಅಪ್ಪ ಅಟೆಸ್ಟ್ ಮಾಡಿದ ಬಾವಿ

2004ರ ಜೂನ್ 6, ಭಾನುವಾರ, ಬೆಳಿಗ್ಗೆ ಒಂಬತ್ತು ಹತ್ತಕ್ಕೆ ಇದು ಶುರುವಾಯಿತು. ನನ್ನ ಡೈರಿಯಲ್ಲಿ ಹಾಗೇ ಇದೆ. ಅಪ್ಪ ಕೇಂದ್ರ ಸರ್ಕಾರದ ಗೆಜೆಟೆಡ್ ಅಧಿಕಾರಿ. ಘಾಜಿಯಾಬಾದಿನ ನಮ್ಮ ಗಲ್ಲಿಯವರು ಜೆರಾಕ್ಸ್ ಪ್ರತಿಗಳಿಗೆ ಸಹಿ, ಸೀಲು ಬೇಕಾದರೆ ಭಾನುವಾರ ನಮ್ಮ ಮನೆಗೆ ಬರುತ್ತಿದ್ದರು. ಅಂದು ಏಳು ಮಾರ್ಕ್ಸ್ ಕಾರ್ಡು, ಎರಡು ರೇಷನ್ ಕಾರ್ಡು. ಹತ್ತನೆಯದು, ಗಲ್ಲಿಯ ಕಮಿಟಿ ಪ್ರಧಾನರು ತಂದ, ಬ್ರಿಟಿಷರ ಕಾಲದ ಬಾವಿಗಳ ಪಟ್ಟಿ. ಅಪ್ಪ ಮೂಲದೊಂದಿಗೆ ತಾಳೆ ನೋಡಿ ಸೀಲು ಒತ್ತಿದರು.

ಸಂಜೆಯೊಳಗೆ ಅದು ಬಾವಿಕಟ್ಟೆಗೆ ಅಂಟಿತ್ತು. ಪಟ್ಟಿಯಲ್ಲಿ ನಮ್ಮ ಗಲ್ಲಿಯ ಬಾವಿಯ ಮುಂದೆ ‘ಹಿಂದೂ’ ಎಂದಿತ್ತು. ಬಾವಿಯ ಪಂಪಿಗೆ ಕಮಿಟಿಯ ಬೀಗ ಬಿತ್ತು. ಹಿಂದಿನ ಗಲ್ಲಿಯ ಹದಿನಾರು ಮುಸಲ್ಮಾನ ಮನೆಗಳಿಗೆ ನೀರು ಅಲ್ಲಿಂದಲೇ ಬರಬೇಕಿತ್ತು. ಅಮ್ಮನ ರವಿಕೆ ಹೊಲಿಯುವ ದರ್ಜಿ ಚಾಚಾರ ಮನೆಯೂ ಅದರಲ್ಲೊಂದು.

ಮರುದಿನ ಚಾಚಾ ಖಾಲಿ ಬಕೆಟ್ ಹಿಡಿದೇ ಬಂದರು. “ಸಾಬ್, ಆ ಬಾವಿಗೆ ಹಗ್ಗ ಹೊಸೆದವರು ನಮ್ಮ ಅಜ್ಜ. ಅದು ನಮ್ಮದಲ್ಲ ಅಂತ ನೀವೇ ಬರೆದುಕೊಟ್ಟಿರಂತೆ.”

ಅಪ್ಪ ಚಪ್ಪಲಿ ಮೆಟ್ಟಿ ಹೊರಟರು. ನಾನೂ ಹೋದೆ.

“ಪ್ರಧಾನ್‌ಜಿ, ನಕಲು ಮೂಲದ ಹಾಗಿದೆ ಅಂತಷ್ಟೇ ನನ್ನ ಸಹಿ. ಬರೆದದ್ದು ನಿಜ ಅಂತಲ್ಲ.”

“ಅರೆ ಭಾಯಿಸಾಬ್, ಸೀಲು ನಿಮ್ಮದೇ ತಾನೆ? ಅಂಗ್ರೇಜ್ ಬರೆದಿಟ್ಟದ್ದು ಸುಳ್ಳಾಗತ್ತಾ? ನೀವು ಮದ್ರಾಸಿಗಳು, ಬಿಡಿ, ನಿಮಗಿದು ತಿಳಿಯೊಲ್ಲ.”

ಪ್ರತಿ ಆಗಸ್ಟ್ ಹದಿನೈದಕ್ಕೆ ಅಂಗ್ರೇಜರನ್ನು ಬಯ್ಯುವ ಭಾಷಣ ಇವರದೇ. ಮೂರು ವರ್ಷ ಕೇಳಿದ್ದೆ.

ಬರುವಾಗ ಬಾವಿಕಟ್ಟೆಯ ಬಳಿ ನಿಂತು ಪಟ್ಟಿಯನ್ನು ಎಣಿಸಿದೆ. ಬಾವಿ ಹದಿನಾಲ್ಕು. ಹಿಂದೂ ಒಂಬತ್ತು, ಮುಸಲ್ಮಾನ ಐದು, ಇಬ್ಬರದೂ ಆದದ್ದು ಸೊನ್ನೆ. ಎಂದೋ ಅಳತೆಗೆ ಬಂದ ಒಬ್ಬ ಸರ್ಕಾರಿ ಅಮೀನ ಯಾವನೋ ಸಾಹೇಬನ ನಮೂನೆ ಹಿಡಿದು, ಒಂದೊಂದು ಬಾವಿಗೆ ಒಂದೊಂದು ಧರ್ಮ ಬರೆದು ಹೋಗಿರಬೇಕು. ಎರಡು ಬರೆಯಲು ಆ ಅಂಕಣದಲ್ಲಿ ಜಾಗವೇ ಇರಲಿಲ್ಲ.

ಮುಂದಿನ ಭಾನುವಾರ ಹಿಂದಿನ ಗಲ್ಲಿಯ ಹಿರಿಯರಿಬ್ಬರು ಅದೇ ಪಟ್ಟಿಯ ಪ್ರತಿ ತಂದರು. “ಹಾಗಾದರೆ ಈ ಐದು ನಮ್ಮವು. ಇದಕ್ಕೂ ಸೀಲು ಒತ್ತಿ, ಸಾಬ್.” ಅಪ್ಪ ಪೆನ್ನಿನ ಕ್ಯಾಪು ಹಾಕಿಬಿಟ್ಟರು. ಸಹಿ ಹಿಂತೆಗೆದುಕೊಂಡಿದ್ದೇನೆಂದು ಅವರು ಬಾವಿಕಟ್ಟೆಗೆ ಅಂಟಿಸಿದ ಚೀಟಿ ಎರಡು ಸಲ ಹರಿದುಹೋಯಿತು.

ಚಾಚಾ ರೈಲ್ವೆ ಗೇಟಿನಾಚೆಯಿಂದ ನೀರು ಹೊರತೊಡಗಿದರು. ನಮ್ಮ ನಲ್ಲಿಯಲ್ಲಿ ಹಿಡಿಯಿರಿ ಎಂದು ಅಪ್ಪ ಹೇಳಿದರೆ, “ನಿಮ್ಮ ಮನೆ ನೀರು ಬೇಡ, ಸಾಬ್. ಬಾವಿಯದು ಕೊಡಿಸಿ,” ಎಂದರು. ಅರವತ್ತಮೂರು ದಿನ ಬೀಗ ನೋಡಿಬಂದು ಬರೆದಿಟ್ಟೆ. ಆಮೇಲೆ ಬೇಸತ್ತು ನಿಲ್ಲಿಸಿದೆ.

ಆ ಪಟ್ಟಿಗೂ ಮುಂಚೆ ಅಲ್ಲಿ ಯಾರು ಯಾರು ನೀರು ಸೇದುತ್ತಿದ್ದರೆಂದು ಬಲ್ಲವರಿದ್ದರೆ ದಯವಿಟ್ಟು ನನಗೆ ಬರೆಯಿರಿ. ಮನೆಯ ಹಿರಿಯರು ಹೇಳಿದ್ದಾದರೂ ಸರಿ. ಅಟೆಸ್ಟ್ ಮಾಡಿಸಬೇಡಿ.