ಮೇಡಂ ಸಹಿಸದ ಸರಳತೆ

ಹೋದ ತಿಂಗಳು ಚನ್ನಗಿರಿ ಬಸ್ ನಿಲ್ದಾಣದಲ್ಲಿ ಇಳಿದ ಕೂಡಲೇ ಆ ವಾಸನೆ ಮೂಗಿಗೆ ಅಡರಿತು. ಒಣಗಿದ ಮೂತ್ರದ ಮೇಲೆ ಫಿನಾಯಿಲ್ ಸುರಿದ ವಾಸನೆ. ಸೆರಗಿನಿಂದ ಮೂಗು ಮುಚ್ಚಿಕೊಂಡೆ. ಅದರ ಹಿಂದೆಯೇ ನಮ್ಮ ಇಂಗ್ಲಿಷ್ ಮೇಡಂ ನೆನಪಾದರು. ಪಾಪ, ಯಾವುದಾದರೂ ಹೂವಿನ ಪರಿಮಳಕ್ಕೆ ನೆನಪಾಗಬೇಕಿದ್ದವರು...

ನಾನು ಬಿ.ಎ. ಓದುವಾಗ ಅವರು ಈ ಊರಿನ ಖಾಸಗಿ ಕಾಲೇಜೊಂದರಲ್ಲಿ ಅರೆಕಾಲಿಕ ಉಪನ್ಯಾಸಕಿ. ಜಗಳೂರಿನ ಕಡೆಯವರು, ತಾಯಿ ಕೂಲಿ ಮಾಡಿ ಓದಿಸಿದ್ದರು. ಕೆರೆಬಿಳಚಿ, ತ್ಯಾವಣಿಗೆಯಿಂದ ಬಸ್ಸು ಹತ್ತಿ ಬರುತ್ತಿದ್ದ ನಮಗೆ ಹಳೆಯ ಇಂಗ್ಲಿಷ್ ಗದ್ಯ ಕಲಿಸುತ್ತಿದ್ದರು. ಹಳೆಯದೆಂದರೆ ಕಷ್ಟವಿರಬೇಕೆಂದು ನಾವು ಹೆದರಿದ್ದೆವು. ಓದಿದರೆ ರೊಟ್ಟಿ, ಬಾಗಿಲು, ಮಳೆ, ಸಾವು... ಎಲ್ಲ ಪುಟ್ಟ ಪುಟ್ಟ ಪದಗಳು.

"ಇದನ್ನ ಬರೆದೋರಿಗೆ ದೊಡ್ಡ ಪದ ಬರ್ತಿರಲಿಲ್ಲ ಅಂದ್ಕೋಬೇಡ್ರಮ್ಮ," ಎನ್ನುತ್ತಿದ್ದರು. "ಬರ್ತಿತ್ತು, ಬೇಡ ಅಂತ ಬಿಟ್ರು. ಸಣ್ಣ ಮಾತಲ್ಲಿ ಸುಳ್ಳು ಹೇಳಾಕೆ ಹೋದ್ರೆ ಬೇಗ ಸಿಕ್ಕಿಬೀಳ್ತೀವಿ."

ಅದೇ ಪಠ್ಯದಲ್ಲಿ ಇನ್ನೊಂದು ಪ್ರಬಂಧವಿತ್ತು. ಯಾರೋ ಸಿರಿವಂತ ಮಹಾಶಯ ಗುಡಿಸಲಿನ ಬಡವರನ್ನು ಹೊಗಳಿ ಬರೆದದ್ದು. ಅವರ ಬದುಕು ಎಷ್ಟು ಸರಳ, ತುಸು ಗಂಜಿ ಕುಡಿದು ಎಷ್ಟು ಸುಖವಾಗಿ ನಿದ್ರಿಸುತ್ತಾರೆ, ಅವರಿಗೆ ಆಸೆಯೆಂಬುದೇ ಇಲ್ಲ ಎಂದು. ನನಗದು ಬಹಳ ಹಿಡಿಸಿತು, ತರಗತಿಯಲ್ಲಿ ಹಾಗೆಂದೂಬಿಟ್ಟೆ. ಮೇಡಂ ಹಳಸಿದ ಸಾರು ಬಾಯಿಗಿಟ್ಟವರಂತೆ ಮುಖ ಮಾಡಿದರು.

"ನಮ್ಮವ್ವನಿಗೂ ಹಿಂಗೇ ಅಂತಿದ್ರು. ಸರಳ ಹೆಂಗಸು, ಏನು ಕೊಟ್ರೂ ತಿಂತಾಳೆ ಅಂತ ಹಳಸಿದ ಅನ್ನ ಸುರೀತಿದ್ರು. ಈತ ಆ ಗುಡಿಸಲೊಳಗೆ ಒಂದು ಸಲನಾದ್ರೂ ಕೂತು ಉಂಡಿದ್ನಾ? ಬರೆಯೋ ಮಾತು ಸರಳ ಇರ್ಲಿ. ಇನ್ನೊಬ್ಬರ ಹಸಿವಿಗೆ ಸರಳತೆ ಅನ್ನಬೇಡ್ರಿ."

ಕಾಲೇಜಿನಲ್ಲಿ ಹುಡುಗಿಯರಿಗೊಂದು ಶೌಚಾಲಯವಿತ್ತು. ಅದಕ್ಕೆ ಸದಾ ಬೀಗ. ತೊಳೆಯುವವರ ಸಂಬಳ ದಂಡವೆಂದು ಆಡಳಿತ ಮಂಡಳಿಯ ಅಧ್ಯಕ್ಷರು ಬೀಗದ ಕೈಯನ್ನು ತಮ್ಮ ಬಳಿಯೇ ಇಟ್ಟುಕೊಂಡಿದ್ದರು. ನಾವು ಬೆಳಿಗ್ಗೆಯಿಂದ ನೀರು ಕುಡಿಯುತ್ತಿರಲಿಲ್ಲ. ತಡೆಯಲಾಗದವರು ಕಾಂಪೌಂಡಿನ ಹಿಂದಿನ ಜಾಲಿಗಿಡಗಳ ಮರೆಗೆ ಹೋಗಬೇಕಿತ್ತು. ಅಲ್ಲಿನ ಹೊಲಸು ನೆನೆದರೆ ಈಗಲೂ ಮೈ ಮುದುಡುತ್ತದೆ. ನನ್ನ ಪಕ್ಕ ಕೂರುತ್ತಿದ್ದ ತ್ಯಾವಣಿಗೆಯ ಗೆಳತಿ ಒಂದು ದಿನ ಜ್ವರದಿಂದ ನಡುಗುತ್ತ ತರಗತಿಯಲ್ಲೇ ಬಿದ್ದಳು. ಮೂತ್ರದ ಸೋಂಕು ಕಿಡ್ನಿಗೆ ಏರಿತ್ತು. ದಾವಣಗೆರೆಯ ಆಸ್ಪತ್ರೆಯಿಂದ ಮನೆಗೆ ಮರಳಿದವಳನ್ನು ಅವಳ ತಂದೆ ಮತ್ತೆ ಕಾಲೇಜಿಗೆ ಕಳಿಸಲಿಲ್ಲ.

ಮೇಡಂ ನನ್ನನ್ನೂ ಕರೆದುಕೊಂಡು ಅಧ್ಯಕ್ಷರನ್ನು ಕಾಣಲು ಹೋದರು. ಅವರು ಎಲೆ ಅಡಿಕೆ ಜಗಿಯುತ್ತ ನಕ್ಕರು. "ನಮ್ಮ ಹಳ್ಳಿ ಹೆಣ್ಮಕ್ಕಳು ಸರಳ ಕಣ್ರೀ ಮೇಡಂ. ಅಡ್ಜಸ್ಟ್ ಮಾಡ್ಕೊಂತಾರೆ." ಕೆಂಪು ರಸ ತುಟಿಯಂಚಿನಿಂದ ಇಳಿಯುತ್ತಿತ್ತು.

ಕೆಲವು ವಾರಗಳಲ್ಲಿ ವಾರ್ಷಿಕೋತ್ಸವ ಬಂತು. ಮುಖ್ಯ ಅತಿಥಿ ಹೊರಗಿನಿಂದ ಬಂದ ಹಿರಿಯ ಅಧಿಕಾರಿ. ಅವರ ಮುಂದೆ ಕಾಲೇಜಿನ ಘನತೆ ಕಾಣಲಿ ಎಂದು, ಹಳೆಯ ಇಂಗ್ಲಿಷ್ ಸಾಹಿತ್ಯದ ಸರಳತೆಯ ಬಗ್ಗೆ ಇಂಗ್ಲಿಷಿನಲ್ಲೇ ಮಾತಾಡುವಂತೆ ಅಧ್ಯಕ್ಷರು ಮೇಡಂಗೆ ಹೇಳಿದ್ದರು. ಮೇಡಂ ಮಾತಾಡಿದರು. ನಮಗೂ ತಿಳಿಯುವಂಥ ಪುಟ್ಟ ವಾಕ್ಯಗಳು. ನಮ್ಮ ಹುಡುಗಿಯರು ನೀರು ಕುಡಿಯುವುದಿಲ್ಲ. ಶೌಚಾಲಯಕ್ಕೆ ಬೀಗ ಹಾಕಿದೆ. ಬೀಗದ ಕೈ ಅಧ್ಯಕ್ಷರ ಬಳಿ ಇದೆ. ಒಬ್ಬಳು ಕಾಯಿಲೆ ಬಿದ್ದಳು. ಅವಳು ಇನ್ನು ಓದುವುದಿಲ್ಲ... ಅಷ್ಟು ಹೇಳಿ ಕೂತರು.

ಅಧ್ಯಕ್ಷರು ಜೋರಾಗಿ ಚಪ್ಪಾಳೆ ತಟ್ಟಿದರು. ಅವರಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಅಧಿಕಾರಿ ಮಾತ್ರ ತಟ್ಟಲಿಲ್ಲ, ಎದ್ದು, "ಎಲ್ಲಿದೆ ಅದು? ತೋರಿಸಿ," ಎಂದರು.

ಅಂದೇ ಬೀಗ ತೆರೆಯಿತು. ಮುಂದಿನ ವರ್ಷ ಮೇಡಂಗೆ ಆ ಕಾಲೇಜಿನಲ್ಲಿ ಪಾಠ ಕೊಡಲಿಲ್ಲ. ನ್ಯಾಮತಿ, ಹೊನ್ನಾಳಿಯ ಟ್ಯುಟೋರಿಯಲ್ಲುಗಳಲ್ಲಿ ಪಾಠ ಹೇಳುತ್ತಿದ್ದಾರೆಂದು ಕೇಳಿದೆ. ಎಷ್ಟೋ ವರ್ಷಗಳ ಮೇಲೆ ಒಮ್ಮೆ ಹೊನ್ನಾಳಿಯಲ್ಲಿ ಸಿಕ್ಕರು. ಬಟ್ಟೆ ಅಂಗಡಿಯ ಗಾಜಿನಾಚೆ ಇದ್ದ ನವಿಲು ಬಣ್ಣದ ರೇಷ್ಮೆ ಸೀರೆಯನ್ನು ನೋಡುತ್ತ ನಿಂತಿದ್ದರು. "ಒಂದು ಸಲ ಉಡಬೇಕು ನೋಡು," ಎಂದು ಹುಡುಗಿಯ ಹಾಗೆ ನಕ್ಕರು. ಆಮೇಲೆ ನಾನೂ ದಾವಣಗೆರೆಯ ನೌಕರಿ, ಸಂಸಾರದಲ್ಲಿ ಮುಳುಗಿದೆ...

ಹೋದ ತಿಂಗಳು ಚನ್ನಗಿರಿಗೆ ಹೋಗಿದ್ದು ಅವರ ಶ್ರದ್ಧಾಂಜಲಿ ಸಭೆಗೆ. ಅದೇ ಕಾಲೇಜು. ವೇದಿಕೆಯ ಹಿಂದೆ ಫ್ಲೆಕ್ಸಿನಲ್ಲಿ ಮೇಡಂ ಮುಖ, ಕೆಳಗೆ 'ಸರಳತೆಯ ಸಾಕಾರಮೂರ್ತಿ'. ಮುದುಕರಾದ ಅದೇ ಅಧ್ಯಕ್ಷರು ಮೈಕು ಹಿಡಿದು ಗದ್ಗದಿತರಾದರು. "ಎರಡೇ ಸೀರೆ ಕಣ್ರೀ ಅವರ ಹತ್ರ ಇದ್ದಿದ್ದು! ಏನೂ ಬೇಡ ಅನ್ನೋ ಜೀವ. ಎಂಥಾ ಸರಳತೆ!" ಜನ ತಲೆದೂಗಿದರು. ಸತ್ತವರ ಬಾಯಿಗೂ ಹಳಸಲು ಸುರಿಯುತ್ತಿದ್ದಾರಲ್ಲ ಎಂದು ನನಗೆ ಅಸಹ್ಯ ಹುಟ್ಟಿತು.

ಹಳೆಯ ವಿದ್ಯಾರ್ಥಿನಿಯೆಂದು ನನ್ನನ್ನೂ ಕರೆದರು. "ಮೇಡಂ ಸರಳ ಆಗಿರ್ಲಿಲ್ಲ ರೀ," ಎಂದೆ. "ಅವರಿಗೆ ರೇಷ್ಮೆ ಸೀರೆ ಉಡೋ ಆಸೆ ಇತ್ತು. ನೀವು ಕೊಡ್ತಿದ್ದ ಸಂಬಳಕ್ಕೆ ಅದು ಬರ್ತಿರಲಿಲ್ಲ." ಅಧ್ಯಕ್ಷರು ಫೋಟೋದ ಕಡೆ ತಿರುಗಿ ಹೂಮಾಲೆ ಸರಿಪಡಿಸತೊಡಗಿದರು. ನಾನು ಇಳಿದು ಹೊರಟುಬಿಟ್ಟೆ.

ಬಸ್ಸಿನಲ್ಲಿ ಕೂತು ದಾವಣಗೆರೆಗೆ ಟಿಕೆಟ್ ತೆಗೆದುಕೊಂಡೆ. ಇವತ್ತು ಹೀಗಂದು ಬಂದೆ ಮೇಡಂ ಎಂದು ಯಾರಿಗೆ ಹೇಳಬೇಕಿತ್ತೋ ಅವರೊಬ್ಬರೇ ಈಗ ಇರಲಿಲ್ಲ.